ಜವ ಮತ್ತು ವೇಗ: ಎರಡು ಪದಗಳ ಚರಿತ್ರೆ

ಕನ್ನಡದಲ್ಲಿ ‘ಜವ’ ಎಂಬ ಪದಕ್ಕೆ ಎರಡು ಹುಟ್ಟುಗಳಿವೆ. ಸಂಸ್ಕೃತದಿಂದ ನೇರವಾಗಿ ಬಂದ ‘ಜವ’ ಒಂದು. ಅದರ ಅರ್ಥ ಶೀಘ್ರತೆ, ಬಿರುಸು. ‘ಯಮ’ ಎಂಬುದರ ತದ್ಭವವಾದ ‘ಜವ’ ಇನ್ನೊಂದು. ಯಾತ್ರೆ ಜಾತ್ರೆಯಾದಂತೆ, ಯೋಗಿ ಜೋಗಿಯಾದಂತೆ, ಯೌವನ ಜವ್ವನವಾದಂತೆ ಯಮನೂ ನಮ್ಮವರ ನಾಲಗೆಯಲ್ಲಿ ಜವನಾದನು. ಹಳ್ಳಿಯ ಹಾಡುಗಳಲ್ಲಿ ಜವರಾಯನಾದನು. ಮೊದಲನೆಯ ಜವವನ್ನು ನಮ್ಮ ಪ್ರೌಢಶಾಲೆಯ ಭೌತವಿಜ್ಞಾನವು ‘ಸ್ಪೀಡ್’ ಎಂಬುದಕ್ಕೆ ಸಮಾನಪದವಾಗಿ ಆರಿಸಿಕೊಂಡಿತು. ‘ವೆಲಾಸಿಟಿ’ಗೆ ‘ವೇಗ’ವನ್ನು ಇಟ್ಟುಕೊಂಡಿತು. ಮೂರು ದಶಕಗಳಿಗೂ ಹೆಚ್ಚು ಕಾಲ ಕನ್ನಡ ಮಾಧ್ಯಮದಲ್ಲಿ ವಿಜ್ಞಾನವನ್ನು ಬೋಧಿಸಿ, ಈಗ ಜೆ.ಪಿ. ನಗರದಲ್ಲಿ ನಿವೃತ್ತಿಯ ದಿನಗಳನ್ನು ಕಳೆಯುತ್ತಿರುವ ನನಗೆ ಈ ಎರಡು ಪದಗಳಷ್ಟು ಕೆಲಸ ಕೊಟ್ಟ ಪದಗಳು ಮತ್ತಾವುವೂ ಇಲ್ಲ.

ಒಂಬತ್ತನೆಯ ತರಗತಿಯ ‘ಚಲನೆ’ ಎಂಬ ಪಾಠ ಆರಂಭವಾದೊಡನೆ ಪ್ರತಿ ವರ್ಷವೂ ಒಂದಲ್ಲ ಒಂದು ಬೆಂಚಿನಿಂದ ಅದೇ ಪ್ರಶ್ನೆ ಏಳುತ್ತಿತ್ತು. “ಸಾರ್, ನಿಘಂಟಿನಲ್ಲಿ ಎರಡಕ್ಕೂ ಒಂದೇ ಅರ್ಥ ಕೊಟ್ಟಿದೆಯಲ್ಲ?” ಮಕ್ಕಳ ಮಾತು ಸರಿಯಾಗಿಯೇ ಇತ್ತು. ಕಾವ್ಯದಲ್ಲಿಯೂ ಮಾತಿನಲ್ಲಿಯೂ ಜವ, ವೇಗ, ರಭಸ, ಬಿರುಸು ಎಲ್ಲವೂ ಒಂದೇ ಮನೆಯ ಮಕ್ಕಳು. ಅವುಗಳ ನಡುವೆ ಗೋಡೆ ಎಬ್ಬಿಸಿದವರು ವಿಜ್ಞಾನಿಗಳು. ಆ ಗೋಡೆಯನ್ನು ಏಕೆ ಎಬ್ಬಿಸಬೇಕಾಯಿತು, ಯಾವಾಗ ಎಬ್ಬಿಸಿದರು, ಅದರಿಂದ ನಮಗೇನು ಲಾಭ ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ನಿರೂಪಿಸಲು ಯತ್ನಿಸುತ್ತೇನೆ.

ಮೊದಲು ವ್ಯಾಖ್ಯೆಯನ್ನು ನೋಡಿಬಿಡೋಣ. ಚಲಿಸಿದ ದೂರವನ್ನು ಕಾಲದಿಂದ ಭಾಗಿಸಿದರೆ ಬರುವುದು ಸರಾಸರಿ ಜವ. ಹೊರಟ ಬಿಂದುವಿನಿಂದ ತಲುಪಿದ ಬಿಂದುವಿಗೆ ಎಳೆದ ನೇರಗೆರೆಯ ಉದ್ದವನ್ನೂ ಅದರ ದಿಕ್ಕನ್ನೂ ಕೂಡಿಯೇ ‘ಸ್ಥಾನಪಲ್ಲಟ’ ಎನ್ನುತ್ತೇವೆ. ಅದನ್ನು ಕಾಲದಿಂದ ಭಾಗಿಸಿದರೆ ಸರಾಸರಿ ವೇಗ. ನಮ್ಮ ಬಡಾವಣೆಯನ್ನು ಹಾದುಹೋಗುವ ಹೊರ ವರ್ತುಲ ರಸ್ತೆಯನ್ನೇ ತೆಗೆದುಕೊಳ್ಳಿ. 2002ರ ವೇಳೆಗೆ ಪೂರ್ಣಗೊಂಡ ಈ ರಸ್ತೆಯ ಉದ್ದ ಸುಮಾರು 60 ಕಿ.ಮೀ. ಯಾರಾದರೂ ಸಾರಕ್ಕಿಯ ಸಿಗ್ನಲ್ಲಿನಿಂದ ಹೊರಟು, ಸಿಲ್ಕ್ ಬೋರ್ಡ್, ಮಾರತಹಳ್ಳಿ, ಹೆಬ್ಬಾಳಗಳನ್ನು ಹಾದು, ನಗರವನ್ನು ಒಂದು ಪ್ರದಕ್ಷಿಣೆ ಮಾಡಿ ಮೂರು ಗಂಟೆಗಳಲ್ಲಿ ಮರಳಿ ಸಾರಕ್ಕಿಗೇ ಬಂದರೆನ್ನಿ. ಅವರ ಸರಾಸರಿ ಜವ ಗಂಟೆಗೆ 20 ಕಿ.ಮೀ. ಅವರ ಸರಾಸರಿ ವೇಗ? ಸೊನ್ನೆ. ಪೆಟ್ರೋಲು ಸುಟ್ಟಿದೆ, ಬೆನ್ನು ನೋಯುತ್ತಿದೆ, ಮೂರು ಗಂಟೆ ಕಳೆದಿದೆ; ಆದರೆ ಹೊರಟ ಕಂಬದ ಕೆಳಗೇ ನಿಂತಿದ್ದಾರೆ. ದಾರಿಯಲ್ಲಿ ಪ್ರತಿ ಕ್ಷಣವೂ ಅವರಿಗೆ ಒಂದು ದಿಕ್ಕಿನ ವೇಗ ಇದ್ದೇ ಇತ್ತು, ನಿಜ. ಮೂಡಣಕ್ಕೆ ಹೋದದ್ದನ್ನು ಪಡುವಣಕ್ಕೆ ಹೋದದ್ದು, ಬಡಗಣಕ್ಕೆ ಹೋದದ್ದನ್ನು ತೆಂಕಣಕ್ಕೆ ಬಂದದ್ದು ತಿಂದುಹಾಕಿತು. ಇಷ್ಟೇ ವ್ಯತ್ಯಾಸ. ಇಷ್ಟೇ ಆದರೂ ಇದನ್ನು ಸ್ಪಷ್ಟವಾಗಿ ಹೇಳಲು ಮನುಷ್ಯಕುಲಕ್ಕೆ ಬಹಳ ಕಾಲ ಹಿಡಿಯಿತು.

ಜೆ.ಪಿ. ನಗರಕ್ಕೆ ಅಂಟಿಕೊಂಡಂತಿರುವ ರಾಗಿಗುಡ್ಡದ ಮೇಲೆ ಪ್ರಸನ್ನ ಆಂಜನೇಯನ ಗುಡಿಯಿದೆ. ಆಂಜನೇಯನ ಧ್ಯಾನಶ್ಲೋಕವೊಂದು ನಮ್ಮ ನಾಡಿನ ಎಳೆಯ ಮಕ್ಕಳಿಗೂ ಬಾಯಿಪಾಠ. ಅದರ ಆರಂಭದಲ್ಲಿಯೇ ಜವ ಮತ್ತು ವೇಗ ಎರಡೂ ಪದಗಳು ಅಕ್ಕಪಕ್ಕದಲ್ಲಿ ಬರುತ್ತವೆ ಎಂಬುದು ಬಹು ಜನರ ಗಮನಕ್ಕೆ ಬಂದಿರಲಾರದು. ಮನಸ್ಸಿಗೆ ಹೋಲಿಸುವಾಗ ‘ಜವ’ ಎಂದಿದೆ. ಗಾಳಿಗೆ ಹೋಲಿಸುವಾಗ ‘ವೇಗ’ ಎಂದಿದೆ. ಶ್ಲೋಕ ರಚಿಸಿದವರು ಭೌತವಿಜ್ಞಾನದ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು ಎಂದು ಹೇಳಿದರೆ ಅದು ಅತಿಶಯೋಕ್ತಿಯಾದೀತು. ಅಲ್ಲಿ ಅವು ಪರ್ಯಾಯಪದಗಳೇ. ಆದರೂ ತರಗತಿಯಲ್ಲಿ ನೆನಪಿನ ಸಾಧನವಾಗಿ ಅದನ್ನು ನಾನು ಧಾರಾಳವಾಗಿ ಬಳಸಿಕೊಂಡಿದ್ದೇನೆ. ಮನಸ್ಸು ಎಲ್ಲಿಗೆ ಬೇಕಾದರೂ ಹಾರೀತು, ಅದಕ್ಕೆ ಇಂಥದೇ ದಿಕ್ಕು ಎಂಬುದಿಲ್ಲ. ಆದ್ದರಿಂದ ಅದಕ್ಕೆ ಜವ. ಗಾಳಿಯಾದರೋ ಯಾವಾಗಲೂ ಒಂದು ದಿಕ್ಕಿನಿಂದ ಬೀಸುತ್ತದೆ. ಪಡುವಣ ಗಾಳಿ, ಮೂಡಣ ಗಾಳಿ ಎಂದೇ ರೈತ ಅದನ್ನು ಗುರುತಿಸುತ್ತಾನೆ. ಆದ್ದರಿಂದ ಅದಕ್ಕೆ ವೇಗ. ಹೀಗೆ ಹೇಳಿದ ಮೇಲೆ ಪರೀಕ್ಷೆಯಲ್ಲಿ ಎರಡನ್ನೂ ಅದಲುಬದಲು ಮಾಡಿದ ಮಕ್ಕಳು ವಿರಳ.

ಆದರೆ ‘ವೇಗ’ಕ್ಕೂ ದಿಕ್ಕಿಗೂ ನಂಟು ಕಲ್ಪಿಸಿದವರು ನಮ್ಮಲ್ಲಿ ಯಾರೂ ಇರಲೇ ಇಲ್ಲವೆಂದಲ್ಲ. ವೈಶೇಷಿಕ ದರ್ಶನದವರು ವೇಗವನ್ನು ‘ಸಂಸ್ಕಾರ’ ಎಂಬ ಗುಣದ ಮೂರು ಬಗೆಗಳಲ್ಲಿ ಒಂದೆಂದು ಎಣಿಸಿದರು. ಪ್ರಶಸ್ತಪಾದನು ತನ್ನ ಗ್ರಂಥದಲ್ಲಿ ವೇಗವನ್ನು ವಿವರಿಸುವಾಗ, ಒಂದು ನಿಯತವಾದ ದಿಕ್ಕಿನಲ್ಲಿ ಒಂದರ ಹಿಂದೊಂದು ಚಲನೆಯನ್ನು ಉಂಟುಮಾಡುವುದು ಎಂಬರ್ಥದ ಮಾತನ್ನು ಹೇಳುತ್ತಾನೆ. ಬಿಟ್ಟ ಬಾಣ ಬಿಲ್ಲನ್ನು ಅಗಲಿದ ಮೇಲೂ ಮುಂದೆ ಮುಂದೆ ಏಕೆ ಹೋಗುತ್ತದೆ ಎಂಬುದು ಅವರ ಚಿಂತನೆಯ ವಿಷಯ. ಇಂದಿನ ವೇಗದ ಕಲ್ಪನೆಯೇ ಅಲ್ಲಿತ್ತು ಎಂದು ಎದೆ ತಟ್ಟಿಕೊಳ್ಳುವುದು ಬೇಡ. ಅವರಲ್ಲಿ ಅದು ಅಳೆಯುವ ಪರಿಮಾಣವಾಗಿರಲಿಲ್ಲ, ದ್ರವ್ಯದಲ್ಲಿ ನೆಲೆಸುವ ಒಂದು ಗುಣವಾಗಿತ್ತು. ಆದರೂ ‘ವೇಗ’ ಎಂಬ ಪದದ ಜೊತೆಗೆ ‘ದಿಕ್ಕು’ ಎಂಬ ಪದ ಅಷ್ಟು ಹಿಂದೆಯೇ ಕುಳಿತಿತ್ತು. ನಮ್ಮ ಪಠ್ಯಗಳು ‘ವೆಲಾಸಿಟಿ’ಗೆ ವೇಗವನ್ನೇ ಆರಿಸಿಕೊಂಡದ್ದು, ಉದ್ದೇಶಪೂರ್ವಕವೋ ಆಕಸ್ಮಿಕವೋ, ಬಹಳ ಹೊಂದಿಕೆಯಾದ ಆಯ್ಕೆ.

ಇದಕ್ಕಿಂತಲೂ ಹತ್ತಿರದ ಸಾಕ್ಷ್ಯ ನಮ್ಮ ಮನೆಮನೆಯ ಗೋಡೆಯ ಮೊಳೆಗೆ ತೂಗುಬಿದ್ದಿರುವ ಪಂಚಾಂಗದಲ್ಲಿದೆ. ಕುಜನೋ ಗುರುವೋ ‘ವಕ್ರೀ’ ಎಂದು ಅದರಲ್ಲಿ ಬರೆದಿರುತ್ತದೆ. ನಕ್ಷತ್ರಗಳ ನಡುವೆ ಪೂರ್ವದ ಕಡೆಗೆ ಸರಿಯುತ್ತಿದ್ದ ಗ್ರಹವು ನಿಧಾನಿಸಿ, ಒಂದೆಡೆ ನಿಂತಂತಾಗಿ, ಕೆಲವು ವಾರ ಹಿಂದಕ್ಕೆ ಸರಿದು, ಮತ್ತೆ ಮುಂದುವರಿಯುವಂತೆ ನಮಗೆ ಕಾಣುತ್ತದೆ. ಭೂಮಿಯು ಒಳಗಿನ ಪಥದಲ್ಲಿ ಆ ಗ್ರಹವನ್ನು ಹಿಂದಿಕ್ಕುವುದರಿಂದ ಉಂಟಾಗುವ ತೋರಿಕೆ ಇದು. ಪಕ್ಕದ ಹಳಿಯ ನಿಧಾನದ ರೈಲು ಹಿಂದಕ್ಕೆ ಹೋದಂತೆ ಕಾಣುವುದಿಲ್ಲವೇ, ಹಾಗೆ. ಸಿದ್ಧಾಂತ ಗ್ರಂಥಗಳ ಗಣಿತದಲ್ಲಿ ಗ್ರಹದ ಮಧ್ಯಮ ಗತಿಗೆ ತಿದ್ದುಪಡಿಯನ್ನು ಮಾಡುವಾಗ, ಕಳೆಯಬೇಕಾದದ್ದು ಗತಿಗಿಂತಲೂ ದೊಡ್ಡದಾದರೆ ಉಳಿಯುವ ಶೇಷವು ವಕ್ರಗತಿ. ಎಂದರೆ ಗತಿಗೆ ಧನ–ಋಣಗಳಿವೆ, ಮುಂದು–ಹಿಂದುಗಳಿವೆ ಎಂದಾಯಿತು. ಗತಿಯ ಪ್ರಮಾಣ ಎಷ್ಟೆಂಬುದಷ್ಟೇ ಬೇಕಾಗಿದ್ದರೆ ವಕ್ರ ಎಂಬ ಮಾತೇ ಹುಟ್ಟುತ್ತಿರಲಿಲ್ಲ. 1114ರಲ್ಲಿ ಹುಟ್ಟಿ, 1150ರಲ್ಲಿ ‘ಸಿದ್ಧಾಂತ ಶಿರೋಮಣಿ’ಯನ್ನು ಬರೆದು ಮುಗಿಸಿದ ಭಾಸ್ಕರಾಚಾರ್ಯರು ದಿನದ ಸರಾಸರಿ ಗತಿಗಿಂತ ಬೇರೆಯಾದ ‘ತಾತ್ಕಾಲಿಕ ಗತಿ’ಯನ್ನು, ಎಂದರೆ ಆ ಕ್ಷಣದ ಗತಿಯನ್ನು ಪ್ರತ್ಯೇಕವಾಗಿ ಗಣಿಸಿದರು. ಪಂಚಾಂಗವನ್ನು ಮದುವೆ ಮುಂಜಿಗಳಿಗಷ್ಟೇ ತೆರೆಯುವ ನಾವು ಅದರೊಳಗೆ ಅಡಗಿರುವ ಈ ಸೂಕ್ಷ್ಮವನ್ನು ಮಕ್ಕಳಿಗೆ ಒಮ್ಮೆಯಾದರೂ ತೋರಿಸಬೇಕು.

ಇನ್ನು ಪಶ್ಚಿಮದ ಕಡೆಗೆ ತಿರುಗೋಣ. ದಿಕ್ಕನ್ನು ಬಿಟ್ಟು ಬರಿಯ ಜವವನ್ನು ಹಿಡಿದರೆ ಎಂಥ ಮೇಧಾವಿಯೂ ಎಡವಬಲ್ಲನೆಂಬುದಕ್ಕೆ ಫ್ರಾನ್ಸಿನ ತತ್ತ್ವಜ್ಞಾನಿ ರೆನೆ ಡೆಕಾರ್ಟ್ ನಿದರ್ಶನ. 1644ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಅವನು, ವಸ್ತುವಿನ ಗಾತ್ರವನ್ನು ಅದರ ಜವದಿಂದ ಗುಣಿಸಿದರೆ ಬರುವ ‘ಚಲನೆಯ ಮೊತ್ತ’ವು ಜಗತ್ತಿನಲ್ಲಿ ಎಂದೂ ಹೆಚ್ಚು ಕಡಿಮೆಯಾಗದು ಎಂದು ಸಾರಿದನು. ಆ ಲೆಕ್ಕದಲ್ಲಿ ದಿಕ್ಕಿಗೆ ಪಾಲಿರಲಿಲ್ಲ. ಅದರ ಮೇಲೆ ಅವನು ಡಿಕ್ಕಿಯ ಏಳು ನಿಯಮಗಳನ್ನು ಕಟ್ಟಿದನು. ಅವುಗಳಲ್ಲಿ ಹೆಚ್ಚಿನವು ತಪ್ಪು. ನಿಶ್ಚಲವಾಗಿರುವ ದೊಡ್ಡ ವಸ್ತುವಿಗೆ ಅದಕ್ಕಿಂತ ಚಿಕ್ಕದು ಎಷ್ಟೇ ಜವದಿಂದ ಬಡಿದರೂ ದೊಡ್ಡದು ಕದಲುವುದೇ ಇಲ್ಲ, ಚಿಕ್ಕದು ಬಂದಷ್ಟೇ ಜವದಿಂದ ಹಿಂದಿರುಗುತ್ತದೆ ಎಂಬುದು ಅವನ ನಾಲ್ಕನೆಯ ನಿಯಮ. ನಮ್ಮ ಊರಿನ ಯಾವ ಗೋಲಿಯಾಟದ ಹುಡುಗನೂ ಇದನ್ನು ಒಪ್ಪಲಾರ! ಚಿಕ್ಕ ಗೋಲಿ ಬಡಿದರೆ ದೊಡ್ಡ ಗೋಲಿ ಸ್ವಲ್ಪವಾದರೂ ಸರಿಯುತ್ತದೆ ಎಂಬುದು ಅವನ ಬೆರಳಿಗೆ ಗೊತ್ತು.

ಎರಡು ಸಮನಾದ ಜೇಡಿಮಣ್ಣಿನ ಉಂಡೆಗಳು ಸಮನಾದ ಜವದಿಂದ ಎದುರುಬದುರಾಗಿ ಬಂದು ಬಡಿದು, ಅಂಟಿಕೊಂಡು ನಿಂತವು ಎಂದುಕೊಳ್ಳಿ. ಡೆಕಾರ್ಟನ ಎಣಿಕೆಯಂತೆ ಅಷ್ಟು ಹೊತ್ತು ಇದ್ದ ಚಲನೆಯೆಲ್ಲ ಎಲ್ಲಿಗೆ ಹೋಯಿತು ಎಂಬುದು ಒಗಟಾಗುತ್ತದೆ. ಒಂದರ ಚಲನೆಗೆ ಧನಚಿಹ್ನೆ, ಇನ್ನೊಂದರದಕ್ಕೆ ಋಣಚಿಹ್ನೆ ಕೊಟ್ಟರೆ ಒಗಟು ಕರಗುತ್ತದೆ: ಮೊದಲೂ ಮೊತ್ತ ಸೊನ್ನೆ, ಆಮೇಲೂ ಸೊನ್ನೆ. 1668–69ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕೋರಿಕೆಯಂತೆ ಜಾನ್ ವಾಲಿಸ್, ಕ್ರಿಸ್ಟೋಫರ್ ರೆನ್ ಮತ್ತು ಹಾಲೆಂಡಿನ ಕ್ರಿಸ್ಟಿಯಾನ್ ಹೈಗನ್ಸ್ ಡಿಕ್ಕಿಯ ನಿಯಮಗಳನ್ನು ಸರಿಪಡಿಸಿಕೊಟ್ಟರು. ದಿಕ್ಕನ್ನು ಕೂಡಿ ಕಳೆದು ಲೆಕ್ಕ ಹಾಕಿದಾಗ ಮಾತ್ರ ಮೊತ್ತ ಸ್ಥಿರವಾಗಿ ಉಳಿಯುತ್ತದೆ ಎಂಬುದು ಆಗ ಖಚಿತವಾಯಿತು. ಇಂದು ನಾವು ‘ಸಂವೇಗ’ ಎಂದು ಕಲಿಸುವ ಪರಿಮಾಣ ಅದೇ. ಆ ಪದದೊಳಗೆ ‘ವೇಗ’ವಿದೆ, ‘ಜವ’ವಿಲ್ಲ ಎಂಬುದನ್ನು ಗಮನಿಸಿ.

ಇದಕ್ಕೂ ಮೊದಲೇ, 1638ರಲ್ಲಿ, ಗೆಲಿಲಿಯೋ ಎಸೆದ ಕಲ್ಲಿನ ಚಲನೆಯನ್ನು ಎರಡಾಗಿ ಬಿಡಿಸಿ ತೋರಿಸಿದ್ದನು: ಅಡ್ಡಲಾಗಿ ಒಂದೇ ಸಮನಾದ ಚಲನೆ, ಕೆಳಮುಖವಾಗಿ ಹೆಚ್ಚುತ್ತಾ ಹೋಗುವ ಚಲನೆ, ಎರಡೂ ಕೂಡಿದರೆ ಪರವಲಯದ ಪಥ. ನ್ಯೂಟನ್ 1687ರ ‘ಪ್ರಿನ್ಸಿಪಿಯಾ’ದಲ್ಲಿ ಬಲ ಮತ್ತು ಚಲನೆಗಳನ್ನು ಸಮಾಂತರ ಚತುರ್ಭುಜದ ಕರ್ಣದ ಮೂಲಕ ಕೂಡಿಸುವ ಬಗೆಯನ್ನು ಸೂತ್ರವಾಗಿ ಇಟ್ಟನು. ಚಂದ್ರನು ಹೆಚ್ಚು ಕಡಿಮೆ ಒಂದೇ ಜವದಿಂದ ಸುತ್ತುತ್ತಿದ್ದರೂ ಅವನ ಚಲನೆಯ ದಿಕ್ಕು ಕ್ಷಣಕ್ಷಣವೂ ಬಾಗುತ್ತದೆ. ಬಾಗಿಸಲು ಒಂದು ಬಲ ಬೇಕು. ಆ ಬಲವೇ ಗುರುತ್ವ. ಜವ ಬದಲಾಗದಿದ್ದರೂ ವೇಗ ಬದಲಾಗಬಹುದು, ವೇಗ ಬದಲಾದರೆ ಅಲ್ಲಿ ‘ವೇಗೋತ್ಕರ್ಷ’ ಇದೆ ಎಂಬ ಈ ಒಂದು ತಿಳಿವಳಿಕೆ ಇಲ್ಲದಿದ್ದರೆ ಮರದಿಂದ ಬೀಳುವ ಹಣ್ಣನ್ನೂ ಆಕಾಶದ ಚಂದ್ರನನ್ನೂ ಒಂದೇ ನಿಯಮದಲ್ಲಿ ಕಟ್ಟಲು ಸಾಧ್ಯವಾಗುತ್ತಿರಲಿಲ್ಲ.

ಆದರೆ ನ್ಯೂಟನ್ನನಿಗೂ ಇದಕ್ಕಾಗಿ ಎರಡು ಬೇರೆ ಪದಗಳಿರಲಿಲ್ಲ. ದಿಕ್ಕನ್ನು ಹೇಳಬೇಕಾದಾಗ ‘ಇಂಥ ಸರಳರೇಖೆಯಲ್ಲಿ’ ಎಂದು ಬೇರೆಯಾಗಿ ಸೇರಿಸುತ್ತಿದ್ದನು. ದಿಕ್ಕನ್ನು ತನ್ನೊಳಗೇ ಹೊತ್ತ ರಾಶಿಗೆ ಹೆಸರು ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1843ರ ಅಕ್ಟೋಬರ್ 16ರಂದು ಡಬ್ಲಿನ್ನಿನ ಕಾಲುವೆಯ ದಂಡೆಯಲ್ಲಿ ನಡೆದುಹೋಗುತ್ತಿದ್ದ ವಿಲಿಯಂ ರೋವನ್ ಹ್ಯಾಮಿಲ್ಟನ್ನನಿಗೆ ‘ಕ್ವಾಟರ್ನಿಯನ್’ಗಳ ಸೂತ್ರ ಹೊಳೆದು, ಅದನ್ನು ಅವನು ಸೇತುವೆಯ ಕಲ್ಲಿನ ಮೇಲೆ ಕೊರೆದ ಕತೆ ಪ್ರಸಿದ್ಧವಾದದ್ದು. ‘ಸ್ಕೇಲಾರ್’, ‘ವೆಕ್ಟರ್’ ಎಂಬ ಹೆಸರುಗಳನ್ನು ಕೊಟ್ಟವನೂ ಅವನೇ. ಅವನ ಅನುಯಾಯಿಯಾದ ಸ್ಕಾಟ್ಲೆಂಡಿನ ಪೀಟರ್ ಗಥ್ರಿ ಟೇಟ್ ಮೊದಲಾದವರ ಬರಹಗಳ ಮೂಲಕ, ಅದುವರೆಗೆ ಪರ್ಯಾಯಪದಗಳಾಗಿದ್ದ ಇಂಗ್ಲಿಷಿನ ಸ್ಪೀಡ್ ಮತ್ತು ವೆಲಾಸಿಟಿಗಳು ಪಠ್ಯಪುಸ್ತಕಗಳಲ್ಲಿ ಬೇರೆ ಬೇರೆಯಾದವು. ಜರ್ಮನ್ ಮತ್ತು ಫ್ರೆಂಚ್ ಭಾಷೆಗಳಲ್ಲಿ ಇಂದಿಗೂ ಎರಡಕ್ಕೂ ಸಾಮಾನ್ಯವಾಗಿ ಒಂದೇ ಪದ ಸಾಕಾಗುತ್ತದೆ. ಬೇಕಾದಲ್ಲಿ ವಿಶೇಷಣ ಸೇರಿಸಿಕೊಳ್ಳುತ್ತಾರೆ. ಐನ್‌ಸ್ಟೈನ್ ತನ್ನ ಸಾಪೇಕ್ಷತೆಯನ್ನು ಬರೆದದ್ದು ಅಂಥ ಭಾಷೆಯಲ್ಲಿಯೇ. ಆದ್ದರಿಂದ ಎರಡು ಪದಗಳಿಲ್ಲದೆ ವಿಜ್ಞಾನವೇ ಇಲ್ಲವೆಂದು ನಾನು ಹೇಳಲಾರೆ. ಹದಿನಾಲ್ಕು ವರ್ಷದ ಮಗುವಿಗೆ ಮಾತ್ರ ಎರಡು ಪದಗಳು ಕೈಯಲ್ಲಿದ್ದರೆ ದಾರಿ ಸುಗಮ.

ಈ ವಿಷಯದಲ್ಲಿ ಕನ್ನಡದ ಪಾರಿಭಾಷಿಕಗಳು ಇಂಗ್ಲಿಷಿಗಿಂತ ಹೆಚ್ಚು ಸ್ವಚ್ಛವಾಗಿವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ‘ವೆಕ್ಟರ್’ ಎಂದರೆ ಲ್ಯಾಟಿನ್ನಿನಲ್ಲಿ ಹೊರುವವನು, ವಾಹಕ. ‘ಸ್ಕೇಲಾರ್’ ಎಂಬುದು ಏಣಿಯ, ಅಳತೆಪಟ್ಟಿಯ ಸಂಬಂಧದ್ದು. ಕೇಳಿದ ಮಗುವಿಗೆ ಅದರಿಂದ ಏನೂ ಹೊಳೆಯದು. ನಮ್ಮ ‘ಸದಿಶ’, ‘ಅದಿಶ’ಗಳನ್ನು ನೋಡಿ: ದಿಶೆಯೊಡನೆ ಕೂಡಿದ್ದು, ದಿಶೆಯಿಲ್ಲದ್ದು. ವ್ಯಾಖ್ಯೆಯೇ ಹೆಸರಿನಲ್ಲಿದೆ. ಕನ್ನಡದಲ್ಲಿ ವಿಜ್ಞಾನವನ್ನು ಹೇಳಲಾಗದು ಎಂಬ ಮಾತು ಬಲವಾಗಿದ್ದ ಕಾಲದಲ್ಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ 1918ರ ಸುಮಾರಿಗೆ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಬಹು ಕಾಲ ಬಾಳಲಿಲ್ಲವಾದರೂ ಹಾಕಿದ ಬೀಜ ಮೊಳೆಯಿತು. ಮುಂದೆ ಜೆ.ಆರ್. ಲಕ್ಷ್ಮಣರಾಯರು, ಜಿ.ಟಿ. ನಾರಾಯಣರಾಯರು ಮುಂತಾದವರು ದಶಕಗಳ ಕಾಲ ಬರೆದು ಬರೆದು ಕನ್ನಡದ ವಿಜ್ಞಾನ ಭಾಷೆಯನ್ನು ಹದಗೊಳಿಸಿದರು. 1980ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಮತ್ತು ‘ಬಾಲ ವಿಜ್ಞಾನ’ ಪತ್ರಿಕೆ ನನ್ನಂಥ ಹಳ್ಳಿಯ ಶಿಕ್ಷಕರಿಗೆ ಎಷ್ಟು ಆಸರೆಯಾದವೆಂಬುದನ್ನು ಇಂದಿನವರಿಗೆ ತಿಳಿಸುವುದು ಕಷ್ಟ.

ಆದರೆ ಪಠ್ಯಪುಸ್ತಕದ ಹೊರಗೆ ಬಂದರೆ ‘ಜವ’ ಮಾಯ! ರಸ್ತೆಯ ಫಲಕದಲ್ಲಿ ‘ವೇಗ ಮಿತಿ’, ವಾಹನದಲ್ಲಿ ‘ವೇಗಮಾಪಕ’, ಕ್ರಿಕೆಟ್ಟಿನಲ್ಲಿ ‘ವೇಗದ ಬೌಲರ್’. ಶಾಸ್ತ್ರೀಯವಾಗಿ ಇವೆಲ್ಲ ಜವವೇ. ನಮ್ಮ ರಾಜ್ಯ ಸಾರಿಗೆಯವರು ಎಕ್ಸ್‌ಪ್ರೆಸ್ ಬಸ್ಸಿಗೆ ‘ವೇಗದೂತ’ ಎಂದು ಹೆಸರಿಟ್ಟದ್ದು ಮಾತ್ರ ಎಲ್ಲ ರೀತಿಯಿಂದಲೂ ಸರಿ. ಬಸ್ಸಿನ ನೆತ್ತಿಯ ಮೇಲೆ ಊರಿನ ಫಲಕವಿರುತ್ತದೆ, ದಿಕ್ಕು ಗೊತ್ತಾಗಿರುತ್ತದೆ. ಶಾಸ್ತ್ರಕ್ಕೆ ಕಟ್ಟುಬಿದ್ದು ‘ಜವದೂತ’ ಎಂದಿದ್ದರೆ ಹತ್ತುವವರು ಯಾರು? ಈ ಮಾತಿಗೆ ತರಗತಿ ನಕ್ಕು ಮುಗಿಸಿದ ಮೇಲೆ ಕ್ರಿಕೆಟ್ಟಿನ ಉದಾಹರಣೆಗೆ ಹೋಗುತ್ತಿದ್ದೆ. ಜಾವಗಲ್ ಶ್ರೀನಾಥ್ ಎಸೆದ ಚೆಂಡು ಗಂಟೆಗೆ ಎಷ್ಟು ಕಿ.ಮೀ. ಎಂದು ಪರದೆಯ ಮೇಲೆ ಕಾಣುವುದು ಜವ. ವೆಂಕಟೇಶ್ ಪ್ರಸಾದರ ಲೆಗ್ ಕಟರ್ ನೆಲಕ್ಕೆ ಬಿದ್ದು ಪಕ್ಕಕ್ಕೆ ತಿರುಗಿತೆಂದರೆ ಅಲ್ಲಿ ಬದಲಾದದ್ದು ವೇಗದ ದಿಕ್ಕು. ಎಷ್ಟೋ ದಾಂಡಿಗರು ಔಟಾದದ್ದು ಜವವನ್ನು ಅಂದಾಜು ಮಾಡಲಾರದೆ ಅಲ್ಲ, ದಿಕ್ಕನ್ನು ಅಂದಾಜು ಮಾಡಲಾರದೆ.

ಹಳ್ಳಿಯ ಮಕ್ಕಳಿಗೆ ಇದಕ್ಕಿಂತಲೂ ಚೆನ್ನಾಗಿ ಒಪ್ಪುತ್ತಿದ್ದ ಉದಾಹರಣೆ ಗಾಣದ ಎತ್ತು. ಒಂದು ಸುತ್ತಿಗೆ ಇಪ್ಪತ್ತು ಮೀಟರ್ ಎಂದುಕೊಂಡರೆ ಸಾವಿರ ಸುತ್ತಿಗೆ ಇಪ್ಪತ್ತು ಕಿಲೋಮೀಟರ್. ಸಂಜೆ ನೊಗ ಬಿಚ್ಚಿದಾಗ ಅದು ನಿಂತಿರುವುದು ಬೆಳಗ್ಗೆ ನಿಂತ ಜಾಗದಲ್ಲಿಯೇ. “ದೂರ ಇಪ್ಪತ್ತು ಕಿ.ಮೀ., ಸ್ಥಾನಪಲ್ಲಟ ಸೊನ್ನೆ” ಎಂದು ನಾನು ಕಪ್ಪುಹಲಗೆಯ ಮೇಲೆ ಬರೆದಾಗ ಒಮ್ಮೆ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಎತ್ತು ಎಲ್ಲಿಗೂ ಹೋಗಲಿಲ್ಲ ಸರಿ. ಆದರೆ ಎಣ್ಣೆ ಬಂತಲ್ಲ?” ಎಂದು ಕೇಳಿದ. ಅಂಥ ಪ್ರಶ್ನೆ ಕೇಳುವ ಮಗು ಸಿಕ್ಕುವುದು ಶಿಕ್ಷಕನ ಪುಣ್ಯ. ಅವನ ಮಾತಿನಲ್ಲಿ ಭೌತವಿಜ್ಞಾನದ ಮುಂದಿನ ಅಧ್ಯಾಯವೇ ಇತ್ತು. ಗಾಣದ ತಡೆಯನ್ನು ಎದುರಿಸಿ ಎತ್ತು ಮಾಡುವ ಕೆಲಸ ಅದು ತುಳಿದ ದಾರಿಯ ಉದ್ದವನ್ನು ಅವಲಂಬಿಸಿದೆಯೇ ಹೊರತು ಸ್ಥಾನಪಲ್ಲಟವನ್ನಲ್ಲ. ಎಳೆಯುವ ಬಲದ ದಿಕ್ಕೂ ಎತ್ತಿನ ಜೊತೆಯಲ್ಲಿಯೇ ತಿರುಗುತ್ತಿರುತ್ತದೆ. ಆಟೋ ಮೀಟರು ಎಣಿಸುವುದು ದೂರವನ್ನೇ, ಟೈರು ಸವೆಯುವುದು ದೂರಕ್ಕೇ. ಡಿಕ್ಕಿಯಾದಾಗ ನಾಶಮಾಡುವ ಚಲನಶಕ್ತಿಯೂ ಜವದ ವರ್ಗವನ್ನು ಅನುಸರಿಸುತ್ತದೆ. ಮೂವತ್ತರ ಜವ ಅರವತ್ತಾದರೆ ಶಕ್ತಿ ನಾಲ್ಕು ಪಟ್ಟು. ಹೀಗೆ ಅದಿಶವಾದರೂ ಜವಕ್ಕೆ ತನ್ನದೇ ಆದ ಘನತೆಯಿದೆ, ಭಯವೂ ಇದೆ. ಯಾವ ಪ್ರಶ್ನೆಗೆ ಯಾವುದನ್ನು ಅಳೆಯಬೇಕು ಎಂಬುದನ್ನು ತಿಳಿಯುವುದೇ ಈ ಪಾಠದ ತಿರುಳು ಎಂದು ಆ ಹುಡುಗನ ನೆಪದಲ್ಲಿ ಅಂದು ಇಡೀ ತರಗತಿಗೆ ಹೇಳಿದೆ.

ಬೆಂಗಳೂರಿನ ಚರಿತ್ರೆಯಲ್ಲಿಯೂ ಇದಕ್ಕೊಂದು ಪ್ರಸಂಗವಿದೆ. ಹಿಂದೆ ದಾರಿಯ ಉದ್ದವನ್ನು ಚಕ್ರ ಉರುಳಿಸಿ, ಸುತ್ತುಗಳನ್ನು ಎಣಿಸಿ ಅಳೆಯುತ್ತಿದ್ದರು. ಅದು ಸಿಕ್ಕಿಸುವುದು ದೂರವನ್ನು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಸುಮಾರು ಏಳೂವರೆ ಮೈಲಿಯ ಒಂದು ಆಧಾರರೇಖೆಯನ್ನು ಸರಪಳಿಯಿಂದ ಅಳೆದು, ಗುಡ್ಡದಿಂದ ಗುಡ್ಡಕ್ಕೆ ಕೋನಗಳನ್ನು ನೋಡಿ ತ್ರಿಕೋನಗಳನ್ನು ಹೆಣೆಯುವ ವಿಧಾನವನ್ನು ಪ್ರಯೋಗಿಸಿದನು. ಅದು ಸಿಕ್ಕಿಸುವುದು ನೇರಗೆರೆಯನ್ನು, ದಿಕ್ಕಿನೊಡನೆ. ಮುಂದೆ 1802ರಲ್ಲಿ ಮದರಾಸಿನಿಂದ ಆರಂಭಿಸಿ ಅವನು ಪಡುವಣ ಕರಾವಳಿಯವರೆಗೆ ಹೆಣೆದ ತ್ರಿಕೋನಗಳಿಂದ, ಅದುವರೆಗಿನ ಭೂಪಟಗಳಲ್ಲಿ 400 ಮೈಲಿಯೆಂದಿದ್ದ ಮದರಾಸು–ಮಂಗಳೂರುಗಳ ನಡುವಣ ಅಗಲ ವಾಸ್ತವದಲ್ಲಿ ಸುಮಾರು 360 ಮೈಲಿಯೆಂದು ತಿಳಿಯಿತು. ನಲವತ್ತು ಮೈಲಿ ನೆಲ ಒಮ್ಮೆಗೇ ಕಾಗದದಿಂದ ಮಾಯವಾಯಿತು.

ನಮ್ಮ ಕಾಲದಲ್ಲಿಯೂ ಈ ಪಾಠ ಇದೇ ಊರಿನ ಪೀಣ್ಯದಲ್ಲಿ ದೇಶದ ಕಣ್ಣೆದುರಿಗೇ ನಡೆಯಿತು. 2014ರ ಸೆಪ್ಟೆಂಬರ್ 24ರಂದು ಮಂಗಳಯಾನವನ್ನು ಮಂಗಳನ ಸುತ್ತ ನೆಲೆಗೊಳಿಸಬೇಕಾದಾಗ ನೌಕೆಯನ್ನು ತಿರುಗಿಸಿ, ಅದರ ಎಂಜಿನ್ನನ್ನು ಸಾಗುವ ದಿಕ್ಕಿಗೆ ಅಭಿಮುಖವಾಗಿ ಸುಮಾರು 24 ನಿಮಿಷ ಉರಿಸಿ, ವೇಗದಲ್ಲಿ ಸೆಕೆಂಡಿಗೆ 1,099 ಮೀಟರಿನಷ್ಟನ್ನು ಕಳೆಯಲಾಯಿತು. ಎಂಜಿನ್ನಿನ ಮುಖ ಹಿಂದಕ್ಕೆ ಇದ್ದಿದ್ದರೆ ಅದೇ ಇಂಧನ, ಅದೇ 24 ನಿಮಿಷ, ನೌಕೆಯನ್ನು ಇನ್ನಷ್ಟು ಓಡಿಸಿಬಿಡುತ್ತಿತ್ತು.

ಚಂದ್ರಯಾನದ ಕತೆ ಇನ್ನೂ ಸೂಕ್ಷ್ಮ. ಸುಮಾರು 30 ಕಿ.ಮೀ. ಎತ್ತರದಲ್ಲಿ ಇಳಿಯಲು ತೊಡಗುವಾಗ ಲ್ಯಾಂಡರಿನ ವೇಗ ಸೆಕೆಂಡಿಗೆ ಸುಮಾರು 1.68 ಕಿ.ಮೀ.; ಅದೆಲ್ಲವೂ ಬಹುಮಟ್ಟಿಗೆ ಅಡ್ಡ ದಿಕ್ಕಿನದು. ನೆಲ ಮುಟ್ಟುವಾಗ ಅಡ್ಡ ವೇಗ ಇರಕೂಡದು. ಕೆಳಮುಖ ವೇಗ ಸೆಕೆಂಡಿಗೆ ಒಂದೆರಡು ಮೀಟರ್ ಮಾತ್ರ. ಜವವನ್ನು ತಗ್ಗಿಸುವುದೊಂದೇ ಅಲ್ಲ, ಮಲಗಿ ಸಾಗುತ್ತಿದ್ದ ನೌಕೆಯನ್ನು ನಿಲ್ಲಿಸಿ ಇಳಿಸಬೇಕು. ಗೆಲಿಲಿಯೋ ಬಿಡಿಸಿ ತೋರಿದ ಅದೇ ಎರಡು ಘಟಕಗಳು! 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ವಿಕ್ರಮ್ ಲ್ಯಾಂಡರ್ ಕೈತಪ್ಪಿತು. ಎಂಜಿನ್ನುಗಳು ನಿರೀಕ್ಷೆಗಿಂತ ಹೆಚ್ಚು ನೂಕಿದವು, ಸಣ್ಣ ದೋಷಗಳು ಕೂಡುತ್ತ ಹೋದವು, ನೌಕೆ ತಿರುಗಿಕೊಳ್ಳುವ ಗತಿಗೆ ವಿಧಿಸಿದ್ದ ಮಿತಿ ಅಡ್ಡಿಯಾಯಿತು ಎಂದು ಇಸ್ರೋದ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ ಅವರು ಬಳಿಕ ವಿವರಿಸಿದರು. ಚಂದ್ರಯಾನ–3ರಲ್ಲಿ ಹೊಸದಾಗಿ ಸೇರಿಸಿದ ಉಪಕರಣಗಳಲ್ಲಿ ಮುಖ್ಯವಾದದ್ದು ಲೇಸರ್ ಡಾಪ್ಲರ್ ವೇಗಮಾಪಕ. ಚಂದ್ರನ ನೆಲವನ್ನು ಆಧರಿಸಿ ಮೂರು ದಿಕ್ಕುಗಳಲ್ಲಿ ನೌಕೆಯ ವೇಗವನ್ನು ಅಳೆಯುವಂಥದು. ಇಲ್ಲಿ ‘ವೇಗಮಾಪಕ’ ಎಂಬ ಪದ ನೂರಕ್ಕೆ ನೂರು ಸರಿ. 2023ರ ಆಗಸ್ಟ್ 23ರ ಸಂಜೆ ಆರು ಗಂಟೆ ದಾಟಿದ ಕೆಲವೇ ನಿಮಿಷಗಳಿಗೆ ನೌಕೆ ಮೆಲ್ಲನೆ ನೆಲ ಮುಟ್ಟಿತು. ದೂರದರ್ಶನದ ಪರದೆಯ ಮೇಲೆ ಅಡ್ಡ ವೇಗ, ಕೆಳಮುಖ ವೇಗ ಎಂದು ಎರಡು ಸಂಖ್ಯೆಗಳು ಬೇರೆ ಬೇರೆಯಾಗಿ ಇಳಿಯುತ್ತಿದ್ದುದನ್ನು ಕಂಡಾಗ, ದಶಕಗಳ ಕಾಲ ಸುಣ್ಣದ ಕಡ್ಡಿಯಲ್ಲಿ ಬರೆದದ್ದನ್ನೇ ದೇಶವೆಲ್ಲ ಓದುತ್ತಿದೆ ಎನಿಸಿ ನನ್ನ ಕಣ್ಣು ತೇವವಾಯಿತು.

ಮತ್ತೆ ಭೂಮಿಗೆ, ನಮ್ಮ ಬಡಾವಣೆಗೆ ಬರೋಣ. 2024ರ ಟಾಮ್‌ಟಾಮ್ ಸಂಚಾರ ಸೂಚ್ಯಂಕದಂತೆ ಬೆಂಗಳೂರಿನಲ್ಲಿ 10 ಕಿ.ಮೀ. ಕ್ರಮಿಸಲು ಸರಾಸರಿ 34 ನಿಮಿಷಕ್ಕೂ ತುಸು ಹೆಚ್ಚು ಹಿಡಿಯಿತು. ಗಂಟೆಗೆ ಸುಮಾರು 17.5 ಕಿ.ಮೀ. ಇದು ಜವ. ನಗರದ ರೋಗವನ್ನು ನಾವು ಯಾವಾಗಲೂ ಇದೇ ಅಳತೆಗೋಲಿನಿಂದ ಅಳೆಯುತ್ತೇವೆ, ಮದ್ದನ್ನೂ ಇದಕ್ಕೇ ಅರೆಯುತ್ತೇವೆ. ಒಂದು ಕಾಲ್ಪನಿಕ ಲೆಕ್ಕ ನೋಡಿ. ಮನೆಯಿಂದ ನೇರವಾಗಿ ಅರ್ಧ ಕಿ.ಮೀ. ದೂರದಲ್ಲಿ ಔಷಧಿ ಅಂಗಡಿಯಿದೆ. ಏಕಮುಖ ಸಂಚಾರದ ದೆಸೆಯಿಂದ ವಾಹನದಲ್ಲಿ ಎರಡು ಕಿ.ಮೀ. ಸುತ್ತಬೇಕು. ರಸ್ತೆ ಸರಾಗವಾಗಿದೆ, ಗಂಟೆಗೆ 24 ಕಿ.ಮೀ. ಜವ, ಐದು ನಿಮಿಷದಲ್ಲಿ ತಲುಪಿದಿರಿ. ಸರಾಸರಿ ವೇಗ ಗಂಟೆಗೆ ಆರೇ ಕಿ.ಮೀ. ಗಂಟೆಗೆ ಐದು ಕಿ.ಮೀ. ನಡೆಯುವವನು ನೇರವಾಗಿ ಆರು ನಿಮಿಷದಲ್ಲಿ ಅಲ್ಲಿರುತ್ತಾನೆ. ಇಷ್ಟಕ್ಕೆ ಅವನಿಗೆ ಬೇಕಾದದ್ದು ಒಡೆಯದ ಕಾಲುದಾರಿ ಮತ್ತು ರಸ್ತೆ ದಾಟಲು ಒಂದು ಸುರಕ್ಷಿತವಾದ ಎಡೆ. ಸಿಗ್ನಲ್ಲುಗಳನ್ನು ಕಿತ್ತು ವಾಹನಗಳ ಜವ ಹೆಚ್ಚಿಸಿದ ರಸ್ತೆಯ ಆಚೆ ಬದಿಗೆ ಹೋಗಬೇಕಾದ ಎಪ್ಪತ್ತರ ವೃದ್ಧನ ಸ್ಥಾನಪಲ್ಲಟ ಮೂವತ್ತು ಮೀಟರ್. ಅದಕ್ಕಾಗಿ ಅವನು ಮೇಲ್ಸೇತುವೆಯ ಮೆಟ್ಟಿಲು ಹತ್ತಿ ಇಳಿಯಬೇಕು, ಇಲ್ಲವೇ ಜವರಾಯನ ಮುಂದೆ ಕೈಯೆತ್ತಿ ನಡೆಯಬೇಕು. ಅವನ ವೇಗವನ್ನು ಯಾವ ಸೂಚ್ಯಂಕವೂ ದಾಖಲಿಸುವುದಿಲ್ಲ.

ಸಂಚಾರ ಪೊಲೀಸರ ಕಾನೂನಿನಲ್ಲಿ ಮಾತ್ರ ನಮ್ಮ ಎರಡೂ ಪದಗಳಿಗೆ ಸ್ಥಾನವಿದೆ. ಮಿತಿಮೀರಿ ಓಡಿಸಿದರೆ ಒಂದು ಅಪರಾಧ, ಅದು ಜವದ್ದು. ಮಿತಿಯೊಳಗೇ ಓಡಿಸುತ್ತ ಏಕಮುಖ ರಸ್ತೆಯಲ್ಲಿ ಎದುರು ನುಗ್ಗಿದರೆ ಇನ್ನೊಂದು, ಅದು ದಿಕ್ಕಿನದು. ನಲವತ್ತರಲ್ಲಿ ಒಂದರ ಹಿಂದೊಂದು ಹೋಗುವ ಎರಡು ಬೈಕುಗಳ ನಡುವಣ ಸಾಪೇಕ್ಷ ವೇಗ ಸೊನ್ನೆ. ಅದೇ ನಲವತ್ತರಲ್ಲಿ ಎದುರುಬದುರಾದರೆ ಎಂಬತ್ತು. “ನಿಧಾನವಾಗಿಯೇ ಬರುತ್ತಿದ್ದೆನಲ್ಲ ಸಾರ್” ಎಂದು ವಾದಿಸುವ ತರುಣರಿಗೆ ಈ ಒಂದು ಲೆಕ್ಕ ಸಾಕು.

ಕೊನೆಯದಾಗಿ ಓದುಗರಲ್ಲಿ, ಅದರಲ್ಲೂ ಶಾಲೆಗೆ ಹೋಗುವ ಮಕ್ಕಳಿರುವವರಲ್ಲಿ, ಒಂದು ವಿನಂತಿ. ಜಯಪ್ರಕಾಶ ನಗರದ ನಿಲ್ದಾಣದಲ್ಲಿ 2017ರಿಂದ ಹಸಿರು ಮಾರ್ಗದ ಮೆಟ್ರೋ ನಿಲ್ಲುತ್ತಿದೆ. 2025ರ ಆಗಸ್ಟಿನಿಂದ ರಾಗಿಗುಡ್ಡದಲ್ಲಿ ಹಳದಿ ಮಾರ್ಗವೂ ಇದೆ. ಮುಂದಿನ ಸೋಮವಾರ ಬಸ್ಸು, ಮೆಟ್ರೋ, ಸ್ಕೂಟರು, ಕಾಲ್ನಡಿಗೆ, ಯಾವುದರಲ್ಲಿಯೇ ಆಗಲಿ, ನಿಮ್ಮ ಕೆಲಸದ ಜಾಗಕ್ಕೆ ಹೋಗುವಾಗ ಬಾಗಿಲಿನಿಂದ ಬಾಗಿಲಿಗೆ ಎಷ್ಟು ಹೊತ್ತಾಯಿತೆಂದು ಗುರುತು ಹಾಕಿಕೊಳ್ಳಿ. ಸಂಜೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ನಗರದ ನಕ್ಷೆಯ ಮೇಲೆ ಎರಡೂ ಬಿಂದುಗಳಿಗೆ ಅಳತೆಪಟ್ಟಿ ಇಟ್ಟು, ನೇರ ಅಂತರವನ್ನು ಅಳೆದು, ಕಾಲದಿಂದ ಭಾಗಿಸಲು ಹೇಳಿ. ಬಂದ ಸಂಖ್ಯೆಯ ಮುಂದೆ ದಿಕ್ಕನ್ನೂ ಬರೆಯಲಿ: ಈಶಾನ್ಯವೋ, ಉತ್ತರವೋ. ಅದರ ಪಕ್ಕದಲ್ಲಿ ವಾಹನದ ಮುಳ್ಳು ತೋರಿಸಿದ್ದ ಅತಿ ಹೆಚ್ಚಿನ ಜವವನ್ನು ಬರೆಯಲಿ. ಎರಡು ಸಂಖ್ಯೆಗಳ ನಡುವಣ ಅಂತರ ಎಷ್ಟೆಂಬುದನ್ನು ನನಗೂ ತಿಳಿಸಿದರೆ ಸಂತೋಷ.